ಕಾವೇರಮ್ಮ ಸೋತ ಗುಡ್ಡ

ಕುವೈತಿನಲ್ಲಿ ಗುಡ್ಡವೇ ಇಲ್ಲ ಎಂದು ಯಾರಾದರೂ ಹೇಳಿದರೆ ಕಾವೇರಮ್ಮನಿಗೆ ಎಲ್ಲಿಲ್ಲದ ಸಿಟ್ಟು ಬರುತ್ತಿತ್ತು. ಆ ಸಿಟ್ಟನ್ನು ನೋಡಬೇಕೆಂದೇ ನಮ್ಮ ರಿಗ್ಗೈ ಬಡಾವಣೆಯ ಬಿಲ್ಡಿಂಗಿನವರೆಲ್ಲ ಆ ಮಾತು ಹೇಳುತ್ತಿದ್ದರು. ನಾನಂತೂ ವಾರಕ್ಕೊಮ್ಮೆಯಾದರೂ ಹೇಳದೆ ಬಿಡುತ್ತಿರಲಿಲ್ಲ. ಅವಳು ಕೈಯಲ್ಲಿದ್ದ ಸೌಟು ಕೆಳಗಿಟ್ಟು, ಸೊಂಟಕ್ಕೆ ಕೈಕೊಟ್ಟು, "ಮುತ್ಲಾ ಗುಡ್ಡ ಅಲ್ಲದೆ ಮತ್ತೇನು, ನಿನ್ನ ಮಂಗಳೂರಿನ ಸಮುದ್ರವಾ?" ಎಂದು ಕೇಳುವಳು. ನನಗೆ ಅಷ್ಟು ಸಾಕಾಗಿತ್ತು, ಆ ದಿನದ ಮನರಂಜನೆ ಮುಗಿಯಿತು.

ನಾನು ಜೆಸ್ಸಿ, ಮಂಗಳೂರಿನ ಬೆಂದೂರಿನವಳು. ಕುವೈತಿನ ಒಂದು ಆಸ್ಪತ್ರೆಯ ಕಚೇರಿಯಲ್ಲಿ ಟೈಪಿಸ್ಟ್. ನನ್ನ ಗಂಡ ಮಥಾಯಸ್ ಒಂದು ಗೋದಾಮಿನ ಲೆಕ್ಕ ನೋಡುವವರು, ಮಾತು ಕಡಿಮೆ, ಹಸಿವು ಜಾಸ್ತಿ. ನಮ್ಮ ಎದುರು ಬಾಗಿಲು ಕಾವೇರಮ್ಮನದು. ಕೊಡಗಿನ ಭಾಗಮಂಡಲದ ಹುಡುಗಿ, ಮಡಿಕೇರಿಯಲ್ಲಿ ಓದುವಾಗ ಹಾಕಿ ಆಡಿದವಳು, ಇಲ್ಲಿ ಒಂದು ಭಾರತೀಯ ಶಾಲೆಯಲ್ಲಿ ಪಿ.ಟಿ. ಟೀಚರ್. ಕುತ್ತಿಗೆಯಲ್ಲಿ ಸದಾ ಒಂದು ಸೀಟಿ. ಲಿಫ್ಟಿನಲ್ಲಿ ಯಾರಾದರೂ ನೂಕಿದರೆ ಅದನ್ನೂ ಊದಿಬಿಡುತ್ತಿದ್ದಳು. ಅವಳ ಗಂಡ ಪೂವಯ್ಯ ರಸ್ತೆ ಮಾಡುವ ಕಂಪನಿಯಲ್ಲಿ ಸರ್ವೇಯರ್. ಅವರೂ ಕೊಡವರೇ, ಆದರೆ ಮೆತ್ತಗಿನ ಮನುಷ್ಯ. ಯಾರೊಂದಿಗೂ ಜಗಳ ಆಡಿದವರಲ್ಲ, ಒಂದು ವಿಷಯ ಬಿಟ್ಟು.

ಆ ಒಂದು ವಿಷಯ ಯಾವುದೆಂದು ಹೇಳುವ ಮೊದಲು ಸಂಕ್ರಮಣದ ಮಾತು ಹೇಳಬೇಕು. ಅಕ್ಟೋಬರ್ ನಡುವಿಗೆ ತುಲಾ ಸಂಕ್ರಮಣ ಬರುತ್ತದೆ. ಆ ಹೊತ್ತಿಗೆ ತಲಕಾವೇರಿಯ ಕುಂಡಿಕೆಯಲ್ಲಿ ಕಾವೇರಿ ಉಕ್ಕಿ ಬರುತ್ತಾಳೆ ಎಂಬ ನಂಬಿಕೆ. ಚಿಕ್ಕಂದಿನಲ್ಲಿ ಕಾವೇರಮ್ಮ ಅಜ್ಜಿಯ ಜೊತೆ ಅಲ್ಲಿ ಮಿಂದು, ಪಕ್ಕದ ಬ್ರಹ್ಮಗಿರಿಯನ್ನು ಹತ್ತಿ, ಮೇಲಿಂದ ಸುತ್ತ ನೋಡಿ ಇಳಿಯುತ್ತಿದ್ದಳಂತೆ. ಮನೆಯಲ್ಲಿ ಕೊಡವರು ಕಣಿ ಇಡುತ್ತಾರೆ. ಒಂದು ಉದ್ದ ಸೌತೆಕಾಯಿಗೆ ಕೆಂಪು ರೇಷ್ಮೆ ತುಂಡು ಉಡಿಸಿ, ಮನೆಯ ಚಿನ್ನ ಹಾಕಿ, ಬಳೆ, ವೀಳ್ಯದೆಲೆ ಇಟ್ಟು, ಅದನ್ನೇ ಕಾವೇರಿ ತಾಯಿ ಎಂದು ಅಕ್ಕಿ ಹಾಕಿ ಕಾಲಿಗೆ ಬೀಳುತ್ತಾರೆ. ಆ ದಿನ ಊಟಕ್ಕೆ ದೋಸೆ, ಕುಂಬಳಕಾಯಿ ಪಲ್ಯ.

ಕುವೈತಿಗೆ ಬಂದ ಮೊದಲನೆಯ ವರ್ಷ ಕಾವೇರಮ್ಮ ಕಣಿಯನ್ನು ಮನೆಯಲ್ಲೇ ಇಟ್ಟಳು, ಆದರೆ ಅವಳಿಗೆ ತೃಪ್ತಿಯಾಗಲಿಲ್ಲ. ಕಣಿ ಆದ ಮೇಲೆ ಹತ್ತಲಿಕ್ಕೆ ಏನಾದರೂ ಬೇಕಲ್ಲ! ಬಿಲ್ಡಿಂಗಿನ ತಾರಸಿಗೆ ಹೋಗಿ ನಾಲ್ಕು ದಿಕ್ಕು ನೋಡಿದಳು. ನೀರಿನ ಟ್ಯಾಂಕು, ಟಿವಿ ಆಂಟೆನಾ, ಅದರಾಚೆ ಸಪಾಟು ನೆಲ. ಕೆಳಗಿಳಿದು ಬಂದು ಎರಡು ದಿನ ಯಾರೊಂದಿಗೂ ಮಾತಾಡಲಿಲ್ಲ. ಪೂವಯ್ಯ ಹೆದರಿ ಅವಳನ್ನು ಜಹ್ರಾ ಊರು ದಾಟಿಸಿ ಬಸ್ರಾ ರಸ್ತೆಯಲ್ಲಿ ಕರೆದುಕೊಂಡು ಹೋಗಿ ಮುತ್ಲಾ ತೋರಿಸಿದರು. ಅದೊಂದು ಉದ್ದನೆಯ ದಿಬ್ಬ. ಬ್ರಹ್ಮಗಿರಿಯ ಮುಂದೆ ಅದು ಮೆಟ್ಟಿಲೂ ಅಲ್ಲ. ಆದರೆ ಬುಡದಲ್ಲಿ ನಿಂತರೆ ತಲೆ ಎತ್ತಿ ನೋಡಬೇಕು, ಮೇಲೆ ಹೋದರೆ ಜಹ್ರಾ, ಅದರಾಚೆ ಕೊಲ್ಲಿಯ ನೀರು ಎಲ್ಲ ಕಾಣುತ್ತದೆ. ಕಾವೇರಮ್ಮ ಸೀಟಿ ಊದಿಕೊಂಡು ಹತ್ತಿದಳಂತೆ.

ಅಂದಿನಿಂದ ಪ್ರತಿ ವರ್ಷ ಸಂಕ್ರಮಣದ ಹತ್ತಿರದ ಶುಕ್ರವಾರ ನಮಗೆಲ್ಲ ಮುತ್ಲಾ ಕಡ್ಡಾಯ. ಜಹ್ರಾದಲ್ಲಿ ತರಕಾರಿ ಅಂಗಡಿ ಇಟ್ಟಿದ್ದ ನಮ್ಮ ಉಳ್ಳಾಲದ ಮೊಯ್ದಿನಬ್ಬ ಅವಳಿಗಾಗಿ ಉದ್ದನೆಯ ಸೌತೆ ಹುಡುಕಿ ಇಡಬೇಕು. ಇಲ್ಲಿ ಸಿಗುವ ಸೌತೆಯೆಲ್ಲ ಬೆರಳುದ್ದ, ರೇಷ್ಮೆ ಉಡಿಸಿದರೆ ಸೌತೆಯೇ ಕಾಣುವುದಿಲ್ಲ. ಮಥಾಯಸ್ ಕಾರು ಬಿಡಬೇಕು. ನಾನು ದೋಸೆಯ ಡಬ್ಬ ಹೊರಬೇಕು. ಮೇಲೆ ಕಣಿ ಇಟ್ಟು, ನಮ್ಮ ಕೈಗೂ ಅಕ್ಕಿ ಕೊಟ್ಟು ಹಾಕಿಸುತ್ತಿದ್ದಳು. ನಾನು ಶಿಲುಬೆ ಗುರುತು ಮಾಡಿಯೇ ಅಕ್ಕಿ ಹಾಕುತ್ತಿದ್ದೆ, ಅದಕ್ಕೆ ಅವಳದೇನೂ ಅಭ್ಯಂತರವಿರಲಿಲ್ಲ.

ಜಗಳ ಶುರುವಾದದ್ದು ನಾವೆಲ್ಲ ಹೋದ ಮೊದಲನೆಯ ಸಲವೇ. ದೋಸೆ ಬಾಯಿಗಿಡುತ್ತ ಕಾವೇರಮ್ಮ, ಕುವೈತಿನ ನೆತ್ತಿಯ ಮೇಲೆ ಕೂತಿದ್ದೇವೆ ನೋಡಿ ಎಂದಳು. ಪೂವಯ್ಯ ಪಾಪ, ಸುಮ್ಮನಿರಬಹುದಿತ್ತು. ಸರ್ವೇಯರ್ ಬಾಯಿ ಸುಮ್ಮನಿರಲಿಲ್ಲ. ಇದು ಎತ್ತರ ಅಲ್ಲ, ನಿಜವಾದ ಎತ್ತರ ಸಾಲ್ಮಿ ರಸ್ತೆಯ ಕೊನೆಯಲ್ಲಿ ಇದೆ, ಮುತ್ಲಾದ ಎರಡರಷ್ಟು ಎಂದರು. ಸಮುದ್ರದ ಅಂಚಿನ ಸಾಲ್ಮಿಯಾ ಅಲ್ಲ, ಪಶ್ಚಿಮಕ್ಕೆ ಸೌದಿ ಗಡಿಯ ಹತ್ತಿರದ ಸಾಲ್ಮಿ. ಜಹ್ರಾದಿಂದ ಅತ್ತ ಹೋದಂತೆ ನೆಲ ಸ್ವಲ್ಪ ಸ್ವಲ್ಪವೇ ಏರುತ್ತ ಹೋಗುತ್ತದಂತೆ, ಕಣ್ಣಿಗೆ ಮಾತ್ರ ಕಾಣುವುದಿಲ್ಲವಂತೆ.

ಕಾವೇರಮ್ಮ ಕೈಯಲ್ಲಿದ್ದ ದೋಸೆಯನ್ನು ಡಬ್ಬಕ್ಕೆ ವಾಪಸು ಹಾಕಿದಳು.

"ಹತ್ತಿದರೆ ಏದುಸಿರು ಬರ್ಬೇಕು, ಇಳಿದರೆ ಮೊಣಕಾಲು ನೋಯ್ಬೇಕು. ಅದು ಗುಡ್ಡ," ಎಂದಳು. "ನಿಮ್ಮದು ಕಾಗದದ ಮೇಲಿನ ಗುಡ್ಡ."

ಆ ದಿನ ಪೂವಯ್ಯನಿಗೆ ದೋಸೆ ಸಿಗಲಿಲ್ಲ. ಆಮೇಲೆ ಪ್ರತಿ ವರ್ಷ ಅದೇ ಜಾಗದಲ್ಲಿ ಅದೇ ಜಗಳ. ಅವರು ಸಾಲ್ಮಿ ಎನ್ನುವುದು, ಇವಳು ಡಬ್ಬ ಮುಚ್ಚುವುದು, ನಾನು ನಗುವುದು, ಮಥಾಯಸ್ ಯಾರ ಪರವೂ ವಹಿಸದೆ ಎಲ್ಲರ ಪಾಲಿನ ದೋಸೆ ಮುಗಿಸುವುದು. ಈಗ ನೆನೆದರೆ ನಾವು ಎಷ್ಟು ಸುಖದಲ್ಲಿದ್ದೆವು ಎನಿಸುತ್ತದೆ.

ತೊಂಬತ್ತರ ಜನವರಿಯಲ್ಲಿ ನನ್ನ ಮಗಳು ಆಶ್ಲಿ ಹುಟ್ಟಿದಳು. ಮದುವೆಯಾಗಿ ಒಂಬತ್ತು ವರ್ಷದ ಮೇಲೆ ಹುಟ್ಟಿದ ಮಗು. ಆಗಸ್ಟಿನಲ್ಲಿ ಇರಾಕಿನ ಟ್ಯಾಂಕುಗಳು ಅದೇ ಮುತ್ಲಾ ಇಳಿದು ಬಂದವು. ಆ ಕಥೆ ಎಲ್ಲರಿಗೂ ಗೊತ್ತಿದೆ, ನಾನು ಹೇಳುವುದು ಬೇಡ. ಸೆಪ್ಟೆಂಬರಿನಲ್ಲಿ ನಾಲ್ವರೂ ಮಗುವನ್ನು ಎತ್ತಿಕೊಂಡು ಒಂದು ಹಳೆಯ ಬಸ್ಸು ಹತ್ತಿದೆವು. ಬಸ್ರಾ, ಬಾಗ್ದಾದ್, ಅಲ್ಲಿಂದ ಅಮ್ಮಾನ್, ಅಲ್ಲಿಂದ ವಿಮಾನ. ಹೊರಡುವ ಹೊತ್ತಿಗೇ ಆಶ್ಲಿಗೆ ಭೇದಿ ಹತ್ತಿತ್ತು.

ಮುತ್ಲಾದ ಏರಿನಲ್ಲಿ ಸೈನಿಕರು ಬಸ್ಸನ್ನು ನಿಲ್ಲಿಸಿದರು. ಎಲ್ಲರ ಸಾಮಾನು ಇಳಿಸಿ ನೋಡಬೇಕಂತೆ. ನೆತ್ತಿ ಸುಡುವ ಬಿಸಿಲು. ನನ್ನ ಮಗು ಅಳುವುದನ್ನೂ ನಿಲ್ಲಿಸಿಬಿಟ್ಟಿತ್ತು. ಕಣ್ಣು ಅರ್ಧ ತೆರೆದಿತ್ತು, ತುಟಿ ಒಣಗಿತ್ತು. ನಾನು ಮಗುವನ್ನು ಅಪ್ಪಿಕೊಂಡು ಕೂತೆ. ಕಾವೇರಮ್ಮ ಮಗುವನ್ನು ನನ್ನ ತೋಳಿನಿಂದ ಕಿತ್ತುಕೊಂಡು ಬಸ್ಸಿಳಿದಳು. ಗುಡ್ಡದ ಕಡೆ ತಿರುಗಿ ನಿಂತಳು. ಮೊದಲು ತನ್ನ ಕೊಡವ ಭಾಷೆಯಲ್ಲಿ ಏನೋ ಹೇಳಿದಳು, ಆಮೇಲೆ ನನಗೂ ತಿಳಿಯಲೆಂದು ಕನ್ನಡದಲ್ಲಿ ಹೇಳಿದಳು.

"ತಾಯಿ, ಈ ಮಗು ಉಳಿದರೆ ಈ ದೇಶದಲ್ಲಿ ಎಲ್ಲಕ್ಕಿಂತ ಎತ್ತರದ ಜಾಗಕ್ಕೆ ಇವಳನ್ನು ಕರ್ಕೊಂಡು ಬರ್ತೇನೆ. ಅಲ್ಲಿ ನಿನ್ನ ಕಣಿ ಇಟ್ಟು, ಇವಳ ಕೈಯಿಂದಲೇ ಅಕ್ಕಿ ಹಾಕಿಸ್ತೇನೆ."

ಪೂವಯ್ಯ ಅವಳ ಪಕ್ಕದಲ್ಲೇ ನಿಂತಿದ್ದರು. ಏಳು ವರ್ಷದಲ್ಲಿ ಮೊದಲ ಸಲ ಅವರು ಸಾಲ್ಮಿ ಎನ್ನಲಿಲ್ಲ.

ಹರಕೆ ಹೊತ್ತು ಸುಮ್ಮನೆ ಕೂರುವ ಜಾತಿಯವಳಲ್ಲ ಕಾವೇರಮ್ಮ. ಬಾಟಲಿ ನೀರಿಗೆ ಸಕ್ಕರೆ, ಚಿಟಿಕೆ ಉಪ್ಪು ಹಾಕಿ, ಚಮಚದಲ್ಲಿ ಒಂದೊಂದೇ ಗುಟುಕು ಕುಡಿಸುತ್ತ ಬಸ್ರಾದವರೆಗೆ ಮಗುವನ್ನು ಕೆಳಗಿಡಲಿಲ್ಲ. ಬಸ್ರಾ ಹತ್ತಿರವಾಗುವಾಗ ಆಶ್ಲಿ ಜೋರಾಗಿ ಅಳಲು ಶುರು ಮಾಡಿದಳು. ಬಸ್ಸಿನವರೆಲ್ಲ ಮಗು ಅಳುತ್ತದೆಂದು ಗೊಣಗಿದರು. ನಾನು ಮಾತ್ರ ಖುಷಿಯಿಂದ ಅತ್ತೆ.

ಮಂಗಳೂರಿಗೆ ತಲುಪಿದ ಮೇಲೆ ನನ್ನ ಅಮ್ಮ ವೇಳಾಂಕಣಿ ಮಾತೆಗೆ ತಾನು ಹೇಳಿಕೊಂಡಿದ್ದ ಹರಕೆಯನ್ನು ತಿಂಗಳೊಳಗೆ ತೀರಿಸಿಬಿಟ್ಟಳು. ನಮ್ಮಲ್ಲಿ ಹರಕೆ ಬಾಕಿ ಇಟ್ಟುಕೊಳ್ಳುವವರಿಲ್ಲ. ಕಾವೇರಮ್ಮನದು ಬಾಕಿ ಇತ್ತು. ಹೊತ್ತವಳು ಅವಳು, ಆದರೆ ಮಗು ನನ್ನದು. ಆಶ್ಲಿಗೆ ಸ್ವಲ್ಪ ಮೈ ಬಿಸಿಯಾದರೂ ಸಾಕು, ನನ್ನ ತಲೆಗೆ ಮೊದಲು ಬರುತ್ತಿದ್ದುದು ಆ ಬಾಕಿ. ಯಾರ ದೇವರಾದರೇನು, ಕೊಟ್ಟ ಮಾತು ಕೊಟ್ಟದ್ದೇ ಎಂದು ಅಮ್ಮನೂ ಹೇಳಿದಳು.

ಯುದ್ಧ ಮುಗಿದ ಮೇಲೆ ರಸ್ತೆ ರಿಪೇರಿಗೆ ಪೂವಯ್ಯನನ್ನು ಮೊದಲು ಕರೆಸಿಕೊಂಡರು. ಆಸ್ಪತ್ರೆಯವರು ನನ್ನನ್ನೂ ಕರೆದರು. ತೊಂಬತ್ತೊಂದರ ಸೆಪ್ಟೆಂಬರಿಗೆ ನಾವೆಲ್ಲ ಮತ್ತೆ ರಿಗ್ಗೈಯಲ್ಲಿ ಸೇರಿದೆವು. ಎರಡೂ ಮನೆ ಖಾಲಿ. ಫ್ರಿಜ್ಜು, ಫ್ಯಾನು, ಬಾಗಿಲ ಹಿಡಿ ಕೂಡ ಹೋಗಿತ್ತು. ಕಾವೇರಮ್ಮನ ಮನೆಯ ಮೊಳೆಯಲ್ಲಿ ಅವಳ ಇನ್ನೊಂದು ಸೀಟಿ ಮಾತ್ರ ನೇತಾಡುತ್ತಿತ್ತು, ಕದಿಯುವವರಿಗೂ ಅದು ಬೇಡವಾಗಿತ್ತು. ಅವಳು ಅದನ್ನು ತೊಳೆದು ಊದಿದಳು. ಇಡೀ ಬಿಲ್ಡಿಂಗು ಕೇಳುವಂತೆ ಊದಿದಳು. ಮೇಲಿನ ಮನೆಯ ಡೆನಿಸ್ ಓಡಿ ಬಂದು, ಟೀಚರ್ ಬಂದ್ರಾ ಎಂದು ಕೇಳಿದ. ತೈಲಬಾವಿಗಳು ಇನ್ನೂ ಉರಿಯುತ್ತಿದ್ದವು, ಗಾಳಿ ತಿರುಗಿದ ದಿನ ಒಣಗಲು ಹಾಕಿದ ಬಟ್ಟೆಯ ಮೇಲೆ ಮಸಿ ಬೀಳುತ್ತಿತ್ತು. ಆದರೂ ನಮಗೆ ಹಬ್ಬವೇ. ಬದುಕಿದ್ದೆವು, ಎದುರುಬದುರು ಬಾಗಿಲಲ್ಲಿದ್ದೆವು.

ಅಕ್ಟೋಬರ್ ಹತ್ತಿರ ಬಂತು. ಕಾವೇರಮ್ಮ ಕೆಂಪು ರೇಷ್ಮೆ ತುಂಡನ್ನು ಇಸ್ತ್ರಿ ಮಾಡಿದಳು. ತನ್ನ ತಾಯಿಯ ಪತ್ತಾಕನ್ನು, ಎಂದರೆ ಕೊಡವ ಹೆಂಗಸರ ಆ ಚಿನ್ನದ ಪದಕವನ್ನು, ಹುಣಸೆಹಣ್ಣಿನಲ್ಲಿ ತೊಳೆದು ಹೊಳೆಯಿಸಿದಳು. ಮೊಯ್ದಿನಬ್ಬನ ಅಂಗಡಿ ಆಗತಾನೇ ತೆರೆದಿತ್ತು, ಅವನಿಗೆ ಸೌತೆಯ ಆಜ್ಞೆ ಹೋಯಿತು. ಒಂದು ಶುಕ್ರವಾರ ಮುಂಚಿತವಾಗಿ ದಾರಿ ನೋಡಿ ಬರೋಣವೆಂದು ನಾವು ಮುತ್ಲಾಗೆ ಹೋದೆವು.

ದಾರಿಯ ಪಕ್ಕದಲ್ಲೇ ತಂತಿ, ತಂತಿಯ ಮೇಲೆ ಕೆಂಪು ಹಲಗೆಗಳು. ಕಾವಲಿನ ಸೈನಿಕ ನಮ್ಮನ್ನು ಇಳಿಯಲೂ ಬಿಡಲಿಲ್ಲ. ಗುಡ್ಡದ ತುಂಬ ಹೂತಿಟ್ಟ ಮೈನು, ಸಿಡಿಯದೆ ಬಿದ್ದ ಬಾಂಬು. ತೆಗೆಯಲು ಒಂದು ವರ್ಷವೋ ಎರಡು ವರ್ಷವೋ ಗೊತ್ತಿಲ್ಲ, ವಾಪಸು ಹೋಗಿ, ಯಲ್ಲಾ ಎಂದ. ಕಾವೇರಮ್ಮ ಕಾರಿನ ಕಿಟಕಿಯಿಂದ ಗುಡ್ಡವನ್ನು ನೋಡುತ್ತಲೇ ಇದ್ದಳು.

ಸಂಜೆ ನಮ್ಮ ಮನೆಯಲ್ಲಿ ಚಹಾ ಕುಡಿಯುವಾಗ ತನ್ನ ತೀರ್ಮಾನ ಹೇಳಿದಳು. ಮಗು ಕಾರಿನಲ್ಲೇ ಇರಲಿ, ಅದರ ಕೈಯಿಂದ ಅಕ್ಕಿ ಮುಟ್ಟಿಸಿ ಕೊಡು, ಕಾವಲಿಲ್ಲದ ಕಡೆಯಿಂದ ನಾನೊಬ್ಬಳೇ ಹತ್ತಿ ಕಣಿ ಇಟ್ಟು ಬರುತ್ತೇನೆ. ಕಾಲಿಡುವ ಜಾಗ ನೋಡಿ ಇಟ್ಟರಾಯಿತು. ಇಷ್ಟನ್ನೂ ಮಾರುಕಟ್ಟೆಗೆ ಹೋಗಿ ಬರುವವಳ ಹಾಗೆ ಹೇಳಿದಳು. ಪೂವಯ್ಯ ಕಪ್ಪಿನ ಚಹಾವನ್ನು ಅಂಗಿಯ ಮೇಲೆ ಚೆಲ್ಲಿಕೊಂಡರು. ಅದನ್ನು ಒರೆಸುತ್ತ ಕೂತರು.

ನನಗೆ ಪಿತ್ತ ನೆತ್ತಿಗೇರಿತು. ಅವಳು ನನ್ನ ಮಗಳ ಸಲುವಾಗಿ ಸಾಯಲು ಹೊರಟಿದ್ದಾಳೆ, ಗಂಡ ಬಾಯಿಗೆ ಬೀಗ ಹಾಕಿ ಕೂತಿದ್ದಾನೆ. ಅವಳು ತನ್ನ ಮನೆಗೆ ಹೋದದ್ದೇ ನಾನು ಪೂವಯ್ಯನನ್ನು ಹಿಡಿದುಕೊಂಡೆ. ಎಂತದು ನೀವು, ಸಾಲ್ಮಿ ಸಾಲ್ಮಿ ಎಂದು ಏಳು ವರ್ಷ ಕಿವಿ ತೂತು ಮಾಡಿದಿರಿ, ಈಗ ಹೇಳುವ ಹೊತ್ತಿಗೆ ಮೂಗರಾದಿರಾ ಎಂದು ಕೇಳಿದೆ. ಅವರು ತಲೆ ತಗ್ಗಿಸಿದರು.

"ಈಗ ಹೇಳಿದರೆ ಹಳೇ ಜಗಳ ಗೆಲ್ಲಲಿಕ್ಕೆ ಹೇಳಿದೆ ಅಂತ ಅವಳಿಗೆ ಅನಿಸ್ತದೆ, ಜೆಸ್ಸಿ," ಎಂದರು. "ಹರಕೆಯ ವಿಷಯದಲ್ಲಿ ನಾನು ಗೆದ್ದರೆ ಅವಳು ನನ್ನನ್ನು ಕ್ಷಮಿಸುವುದಿಲ್ಲ."

ಆ ಮೆತ್ತಗಿನ ಮನುಷ್ಯನನ್ನು ನೋಡಿ ನನಗೆ ಅಯ್ಯೋ ಅನಿಸಿತು. ಹಾಗಾದರೆ ಹೇಳುವ ಕೆಲಸ ನನ್ನದೇ. ಎದುರು ಮನೆಗೆ ಹೋದೆ. ಕಾವೇರಮ್ಮ ಕುಂಬಳಕಾಯಿ ಹೆಚ್ಚುತ್ತಿದ್ದಳು, ಸಿಟ್ಟಿಗೆ ತುಂಡುಗಳು ಒಂದರ ಹಾಗೆ ಒಂದಿರಲಿಲ್ಲ.

"ನೋಡು ಮಾರಾಯ್ತಿ, ನೀನು ಮೈನಿನ ಮೇಲೆ ಕಾಲಿಟ್ಟು ತೀರಿಸುವ ಹರಕೆ ನನ್ನ ಮಗಳಿಗೆ ಬೇಡ," ಎಂದೆ. "ನೀನು ತಾಯಿಗೆ ಹೇಳಿದ್ದು ಎಲ್ಲಕ್ಕಿಂತ ಎತ್ತರದ ಜಾಗ ಅಂತ. ಆ ಜಾಗ ಮುತ್ಲಾ ಅಲ್ಲ, ಸಾಲ್ಮಿ. ನಿನ್ನ ಗಂಡನಿಗೆ ಅದು ಗೊತ್ತುಂಟು, ನಿನಗೂ ಗೊತ್ತುಂಟು."

ಚೂರಿ ನಿಂತಿತು. ಬಯ್ಯುತ್ತಾಳೆ ಎಂದುಕೊಂಡೆ. ಅವಳು ಕುತ್ತಿಗೆಯ ಸೀಟಿಯನ್ನು ಬೆರಳಲ್ಲಿ ತಿರುಗಿಸಿದಳು. ಅದು ಗುಡ್ಡ ಅಲ್ಲ, ಬರೀ ರಸ್ತೆ ಎಂದಳು. ನಾನು ಹೌದು ಎಂದೆ. ಅಲ್ಲಿ ನಿಂತರೆ ಏನೂ ಕಾಣುವುದಿಲ್ಲ ಎಂದಳು. ಅದಕ್ಕೂ ಹೌದು ಎಂದೆ. ಎತ್ತರ ಅಂತ ನಂಬುವುದು ಹೇಗೆ ಎಂದಳು. ನಾನು ಬಾಗಿಲ ಕಡೆ ತಿರುಗಿದೆ. ಬಾಗಿಲಲ್ಲಿ ಪೂವಯ್ಯ ಚಹಾ ಚೆಲ್ಲಿದ ಅಂಗಿಯಲ್ಲಿ ನಿಂತಿದ್ದರು. ಅವಳು ಅವರನ್ನು ನೋಡಿದಳು.

"ನೀವು ಹೇಳಿ," ಎಂದಳು. "ಸುಮ್ಮನೆ ನನ್ನನ್ನು ಕೆಣಕಲಿಕ್ಕೆ ಹೇಳಿದ್ದಾ, ಇಲ್ಲ ನಿಜವಾ?"

"ನಿಜ," ಎಂದರು ಪೂವಯ್ಯ.

ಕಾವೇರಮ್ಮ ಮತ್ತೆ ಕುಂಬಳಕಾಯಿಗೆ ಚೂರಿ ಹಚ್ಚಿದಳು. "ಸರಿ, ಹಾಗಾದರೆ ಗಾಡಿಗೆ ಹೇಳಿ," ಎಂದಳು. ಅವಳ ಬಾಯಿಂದ ಆ ಮಾತು ಬರಲು ಏಳು ವರ್ಷ ಬೇಕಾಯಿತು, ನನ್ನ ಮಗಳೂ ಬೇಕಾಯಿತು. ನನಗೆ ಅವಳನ್ನು ತಬ್ಬಿಕೊಳ್ಳಬೇಕೆನಿಸಿತು. ಕೈಯಲ್ಲಿ ಚೂರಿ ಇದ್ದುದರಿಂದ ತಬ್ಬಲಿಲ್ಲ.

ಆಗ ಪೂವಯ್ಯನ ಕಂಪನಿ ಸಾಲ್ಮಿ ರಸ್ತೆಯನ್ನೇ ರಿಪೇರಿ ಮಾಡುತ್ತಿತ್ತು. ಮೈನು ತೆಗೆಯುವವರು ಡಾಂಬರು ಮತ್ತು ಎರಡೂ ಅಂಚುಗಳನ್ನು ನೋಡಿ ಮುಗಿಸಿದ್ದರು. ಕಂಪನಿಯ ಪಿಕಪ್ಪಿಗೆ ಅವರೇ ಕೇಳಿಕೊಂಡು ಪರವಾನಗಿ ತಂದರು. ಸಂಕ್ರಮಣದ ಶುಕ್ರವಾರ ಬೆಳಿಗ್ಗೆ ಹೊರಟೆವು. ಜಹ್ರಾದಲ್ಲಿ ಮೊಯ್ದಿನಬ್ಬ ಸೌತೆಯನ್ನು ಪತ್ರಿಕೆಯಲ್ಲಿ ಸುತ್ತಿ ಕಾದಿದ್ದ. ಸೌದಿಯಿಂದ ಲಾರಿಯಲ್ಲಿ ಬಂದದ್ದಂತೆ, ಮೊಣಕೈ ಉದ್ದ ಇತ್ತು. ಅವನು ದುಡ್ಡು ಮುಟ್ಟಲಿಲ್ಲ, ಮಗುವಿನ ಕೆನ್ನೆ ಚಿವುಟಿ ಕಳಿಸಿದ.

ಪಿಕಪ್ಪು ಓಡುತ್ತಲೇ ಇತ್ತು. ಎರಡು ಬದಿಗೂ ಬಣ್ಣಗೆಟ್ಟ ಸಪಾಟು ನೆಲ, ಅಲ್ಲಲ್ಲಿ ಸುಟ್ಟ ಲಾರಿ. ಕಾವೇರಮ್ಮ ಕಿಟಕಿಯಿಂದ ಏರು ಹುಡುಕುತ್ತಿದ್ದಳು. ಆಗಾಗ ನನ್ನ ಕಡೆ ತಿರುಗಿ, ಏನಾದರೂ ಏರಿದ ಹಾಗೆ ಅನಿಸುತ್ತಾ ಎಂದು ಮೆಲ್ಲಗೆ ಕೇಳುವಳು. ನಾನು ಸುಳ್ಳು ಹೇಳಲಿಲ್ಲ, ಇಲ್ಲ ಎಂದೆ. ಹಿಂದಿನ ಸೀಟಿನಲ್ಲಿ ಮಥಾಯಸ್ ದೋಸೆಯ ಡಬ್ಬವನ್ನು ಮಡಿಲಲ್ಲಿಟ್ಟುಕೊಂಡು ನಿದ್ದೆ ಮಾಡುತ್ತಿದ್ದರು. ಸಾಲ್ಮಿ ಗಡಿಗೆ ಸ್ವಲ್ಪ ಮೊದಲು ಪೂವಯ್ಯ ಗಾಡಿ ನಿಲ್ಲಿಸಿ, ಇಲ್ಲೇ ಎಂದರು.

ಇಳಿದೆವು. ಡಾಂಬರು ಬಿಟ್ಟು ಕಾಲಿಡಬೇಡಿ ಎಂದು ಪೂವಯ್ಯ ಎಚ್ಚರಿಸಿದರು. ಸುತ್ತ ನೋಡಿದರೆ ಎಲ್ಲ ಕಡೆಯೂ ಒಂದೇ ನೆಲ. ಎಲ್ಲಿಂದ ಬಂದೆವೋ ಅದೂ ಸಪಾಟು, ಎಲ್ಲಿಗೆ ಹೋಗಬೇಕೋ ಅದೂ ಸಪಾಟು. ಗಾಳಿ ಮಾತ್ರ ಚೆನ್ನಾಗಿತ್ತು, ಮಸಿಯ ವಾಸನೆ ಇಲ್ಲದ ಗಾಳಿ. ಕಾವೇರಮ್ಮ ಕೆಂಪು ರೇಷ್ಮೆಯ ಗಂಟು ಹಿಡಿದು ನಿಂತವಳು ಕಣ್ಣು ಒರೆಸಿಕೊಂಡಳು. ನಂಬಿದ್ದೇನೆ, ಆದರೆ ಮನಸ್ಸು ಒಪ್ಪುತ್ತಿಲ್ಲ, ತಾಯಿಗೆ ಇದು ಎತ್ತರ ಅಂತ ಹೇಗೆ ತೋರಿಸಲಿ ಎಂದು ನನ್ನನ್ನು ಕೇಳಿದಳು.

ಪೂವಯ್ಯ ಅಷ್ಟು ಹೊತ್ತಿಗೆ ಪಿಕಪ್ಪಿನಿಂದ ಎರಡು ಸಲಿಕೆ ಇಳಿಸಿದ್ದರು. ರಸ್ತೆ ಕೆಲಸಕ್ಕೆಂದು ಲಾರಿಯವರು ಸುರಿದು ಹೋದ ಮರಳು ಡಾಂಬರಿನ ಅಂಚಿನ ಉದ್ದಕ್ಕೂ ತೆಳ್ಳಗೆ ಹರಡಿ ಬಿದ್ದಿತ್ತು. ಅವರು ಅದನ್ನು ಒಂದೆಡೆ ಒಟ್ಟತೊಡಗಿದರು. ಮೊದಲು ನಮಗೆ ಅರ್ಥವಾಗಲಿಲ್ಲ. ಅರ್ಥವಾದದ್ದೇ ಮಥಾಯಸ್ ಇನ್ನೊಂದು ಸಲಿಕೆ ಹಿಡಿದರು. ನಾನು ದೋಸೆ ಡಬ್ಬದ ಮುಚ್ಚಳದಲ್ಲಿ ತುಂಬಿ ಸುರಿದೆ. ಆಶ್ಲಿ ಎರಡೂ ಮುಷ್ಟಿಯಲ್ಲಿ ಮರಳು ತಂದು ಅರ್ಧ ತನ್ನ ತಲೆಯ ಮೇಲೆ, ಅರ್ಧ ರಾಶಿಯ ಮೇಲೆ ಹಾಕಿದಳು. ಕಾವೇರಮ್ಮ ಸೀರೆ ಸಿಕ್ಕಿಸಿಕೊಂಡು ಮಥಾಯಸ್ ಕೈಯಿಂದ ಸಲಿಕೆ ಕಸಿದುಕೊಂಡಳು. ರಾಶಿ ನನ್ನ ಸೊಂಟದವರೆಗೆ ಬಂತು. ಪೂವಯ್ಯ ಸಲಿಕೆಗೆ ಒರಗಿ ಏದುಸಿರು ಬಿಡುತ್ತಿದ್ದರು, ಅವಳೂ ಏದುಸಿರು ಬಿಡುತ್ತಿದ್ದಳು.

ನೆತ್ತಿಯನ್ನು ಅಂಗೈಯಿಂದ ತಟ್ಟಿ ಸಮ ಮಾಡಿ ಕಣಿ ಇಟ್ಟಳು. ಕೆಂಪು ರೇಷ್ಮೆ, ಪತ್ತಾಕ್, ಬಳೆ. ಆಶ್ಲಿಯನ್ನು ಎತ್ತಿ ರಾಶಿಯ ಮೇಲೆ ನಿಲ್ಲಿಸಿ, ಕೈಗೆ ಅಕ್ಕಿ ಕೊಟ್ಟಳು. ನನ್ನ ಮಗಳು ಒಂದು ಕಾಳನ್ನೂ ಬಿಡದೆ ಎಲ್ಲವನ್ನೂ ಸೌತೆಕಾಯಿಯ ಮೇಲೆ ಎಸೆದು, ಇನ್ನೂ ಬೇಕೆಂದು ಕೈ ಚಾಚಿದಳು. ಅವಳ ಗಟ್ಟಿ ಕಾಲು, ಮರಳು ಮೆತ್ತಿದ ಕೆನ್ನೆ ನೋಡಿ ನನಗೆ ಅಳು ತಡೆಯಲಾಗಲಿಲ್ಲ. ಮುತ್ಲಾದ ಬಿಸಿಲಿನಲ್ಲಿ ಕಣ್ಣು ಅರ್ಧ ಮುಚ್ಚಿದ್ದ ಮಗು ಇದೇ. ನಾನು ಶಿಲುಬೆ ಗುರುತು ಮಾಡಿ ಅಕ್ಕಿ ಹಾಕಿದೆ.

ಕೊನೆಗೆ ಕಾವೇರಮ್ಮ, ಪೂವಯ್ಯ ಡಾಂಬರಿನ ಮೇಲೆ ಅಡ್ಡ ಬಿದ್ದರು. ಅವಳು ಹಾಕಿ ಆಡಿದವಳು, ಎದ್ದುಬಿಟ್ಟಳು. ಪೂವಯ್ಯನಿಗೆ ಏಳಲಾಗಲಿಲ್ಲ. ಮೊಣಕಾಲು ಹಿಡಿದುಕೊಂಡು ಅಲ್ಲೇ ಕೂತರು. ಅವಳು ಹೋಗಿ ಎದುರಿಗೆ ನಿಂತಳು.

"ನೋಯ್ತಾ ಇದೆಯಾ?" ಎಂದು ಕೇಳಿದಳು.

ಪೂವಯ್ಯ ಹೌದೆಂದು ತಲೆಯಾಡಿಸಿದರು.

"ಏದುಸಿರೂ ಬಂತು, ಮೊಣಕಾಲೂ ನೋಯ್ತು," ಎಂದಳು ಕಾವೇರಮ್ಮ. "ಹಾಗಾದ್ರೆ ಇದೇ ಗುಡ್ಡ. ನೀವು ಹೇಳಿದ್ದು ಸರಿ."

ಕೈ ಹಿಡಿದು ಎಬ್ಬಿಸಿದಳು. ಮಥಾಯಸ್ ಕೈಯಿಂದ ಡಬ್ಬ ತೆಗೆದುಕೊಂಡು, ಮೊದಲನೆಯ ದೋಸೆಯನ್ನು ಪಲ್ಯದ ಜೊತೆ ಗಂಡನ ಕೈಗೆ ಕೊಟ್ಟಳು. ಪೂವಯ್ಯ ಅದನ್ನು ನಿಂತಲ್ಲೇ ತಿಂದು ಮುಗಿಸಿದರು. ರಾಶಿಯ ಮೇಲೆ ಆಶ್ಲಿ ಕಾವೇರಿ ತಾಯಿಯ ರೇಷ್ಮೆ ಬಿಚ್ಚಿ, ಸೌತೆಯ ತುದಿ ಕಚ್ಚಿಯಾಗಿತ್ತು. ಬಿಡಿಸಲು ಹೋದ ನನ್ನ ಕೈಯನ್ನು ಕಾವೇರಮ್ಮ ತಡೆದಳು. ತಿನ್ನಲಿ ಬಿಡು, ಅವಳಿಗಾಗಿಯೇ ಅಲ್ಲವಾ ಇದೆಲ್ಲ ಎಂದು, ತಾನೂ ಒಂದು ದೋಸೆ ಹಿಡಿದುಕೊಂಡು ಮಗುವಿನ ಪಕ್ಕದಲ್ಲಿ ಮರಳಿನ ಮೇಲೆ ಕೂತಳು.